ಹಳೆಯ ಗಣಕದಿಂದ ಹೊಸತಕ್ಕೆ: ಮೊದಲು ಪರವಾನಗಿಯನ್ನು ಬಿಡಿಸಿಕೊಳ್ಳಿ

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಭದ್ರತಾ ನವೀಕರಣಗಳು ನಿಂತ ಮೇಲೆ, ಗದಗಿನ ಮುದ್ರಣಾಲಯಗಳಲ್ಲಿಯೂ ಅಡತಿ ಅಂಗಡಿಗಳಲ್ಲಿಯೂ ವರ್ಷಗಟ್ಟಲೆ ದುಡಿದ ಗಣಕಗಳನ್ನು ಬದಲಿಸುವ ಕೆಲಸ ಒಮ್ಮೆಲೇ ಎದುರಾಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್‌ನ 8ನೆಯ ತಲೆಮಾರಿಗಿಂತ ಹಿಂದಿನ ಪ್ರೊಸೆಸರ್‌ಗಳಲ್ಲಿ ಬಹುಪಾಲು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಹೀಗಾಗಿ ಇನ್ನೂ ಚೆನ್ನಾಗಿಯೇ ನಡೆಯುತ್ತಿದ್ದ ಯಂತ್ರಗಳನ್ನೂ ಬದಿಗಿಡಬೇಕಾಯಿತು. ನಮ್ಮ ಮುದ್ರಣಾಲಯದಲ್ಲಿ ಈ ಸ್ಥಳಾಂತರವನ್ನು ನಾನೇ ಮಾಡಿದೆ, ಅಕ್ಕಪಕ್ಕದವರಿಗೂ ಮಾಡಿಕೊಟ್ಟೆ. ಎಲ್ಲೆಡೆ ಕಂಡದ್ದು ಒಂದೇ ತಿಳಿವಳಿಕೆ: ಪೆನ್ ಡ್ರೈವ್‌ನಲ್ಲಿ ಕಡತಗಳನ್ನು ಹಾಕಿಕೊಂಡು ಬಂದರೆ ಮನೆ ಬದಲಿಸಿ ಸಾಮಾನು ಸಾಗಿಸಿದಂತೆ ಕೆಲಸ ಮುಗಿಯಿತು ಎಂಬುದು. ಕಡತಗಳ ಮಟ್ಟಿಗೆ ಅದು ನಿಜ. ಹಣ ಕೊಟ್ಟು ಕೊಂಡ ತಂತ್ರಾಂಶಗಳ ಮಟ್ಟಿಗೆ ನಿಜವಲ್ಲ, ಏಕೆಂದರೆ ಅವುಗಳ ಪರವಾನಗಿ ಹಳೆಯ ಯಂತ್ರಕ್ಕೆ ಕಟ್ಟಿಕೊಂಡಿರುತ್ತದೆ. ಆ ಕಟ್ಟನ್ನು ಬಿಚ್ಚುವ ಗುಂಡಿಯೂ ಬಹಳ ಸಲ ಆ ಹಳೆಯ ಯಂತ್ರದಲ್ಲಿಯೇ ಇರುತ್ತದೆ.

ಆದ್ದರಿಂದ ನಾನು ಎಲ್ಲರಿಗೂ ಹೇಳುವ ಮೊದಲ ಮಾತು, ಹಳೆಯ ಗಣಕ ಜೀವಂತವಿರುವಾಗಲೇ ಕೆಲಸ ಶುರುಮಾಡಿ ಎಂದು. ಹೊಸತು ಬಂದ ದಿನವೇ ಹಳೆಯದನ್ನು ಫಾರ್ಮ್ಯಾಟ್ ಮಾಡಿಸಿ ಮಾರಿಬಿಡುವ ಅವಸರ ನಮ್ಮಲ್ಲಿ ಬಹಳ. ಹಾಗೆ ಮಾಡಿದಾಗ ದತ್ತಾಂಶ ಉಳಿದರೂ ಪರವಾನಗಿ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ, ಮುಂದೆ ಅದನ್ನು ಬಿಡಿಸಲು ಬಿಲ್ಲು ಹುಡುಕಿ, ಸಹಾಯ ಕೇಂದ್ರಕ್ಕೆ ಕರೆ ಮಾಡಿ, ನಮ್ಮದನ್ನು ನಮ್ಮದೆಂದು ಸಾಬೀತುಪಡಿಸುತ್ತ ಕೂರಬೇಕಾಗುತ್ತದೆ.

ತಂತ್ರಾಂಶ ತಾನಿರುವ ಯಂತ್ರವನ್ನು ಹೇಗೆ ಗುರುತು ಹಿಡಿಯುತ್ತದೆ ಎಂಬುದನ್ನು ತಿಳಿದುಕೊಂಡರೆ ಮುಂದಿನದು ಸುಲಭ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗಿನಿಂದ ಸಾಮಾನ್ಯ ಬಳಕೆದಾರರಿಗೂ ಪರಿಚಿತವಾದ ‘ಆಕ್ಟಿವೇಶನ್’ ಪದ್ಧತಿಯಲ್ಲಿ, ಡಿಸ್ಕು, ನೆಟ್‌ವರ್ಕ್ ಕಾರ್ಡು, ಪ್ರೊಸೆಸರ್ ಮುಂತಾದ ಬಿಡಿಭಾಗಗಳ ವಿವರಗಳಿಂದ ಒಂದು ಗುರುತು ಸಿದ್ಧವಾಗುತ್ತದೆ. ಕೊಂಡವರ ಕೀಲಿ ಸಂಖ್ಯೆ ಆ ಗುರುತಿನ ಜೊತೆ ಕಂಪನಿಯ ಸರ್ವರ್‌ನಲ್ಲಿ ದಾಖಲಾಗುತ್ತದೆ. ಹಳೆಯ ಡಿಸ್ಕನ್ನು ಇದ್ದಂತೆಯೇ ನಕಲು ಮಾಡಿ ಹೊಸ ಯಂತ್ರಕ್ಕೆ ಹಾಕಿದರೆ ಎಲ್ಲವೂ ಹಾಗೆಯೇ ಬರುತ್ತದೆ ಎಂದು ಅಂಗಡಿಯವರು ಹೇಳುವುದುಂಟು. ಯಂತ್ರ ತೆರೆದುಕೊಳ್ಳಲೂಬಹುದು, ಆದರೆ ಸುತ್ತಲಿನ ಭಾಗಗಳೆಲ್ಲ ಬೇರೆಯಾದ್ದರಿಂದ ಪರವಾನಗಿಗಳು ಮತ್ತೆ ಕೀಲಿ ಕೇಳುತ್ತವೆ. ಡಿಸ್ಕು ವಿಂಡೋಸ್‌ನದೇ ಬೀಗವಾದ ಬಿಟ್‌ಲಾಕರ್‌ನಿಂದ ಗೂಢಲಿಪೀಕರಣಗೊಂಡಿದ್ದರಂತೂ ಮೊದಲಿಗೇ 48 ಅಂಕೆಗಳ ಮರುಪಡೆವ ಕೀಲಿಯನ್ನು ಕೇಳಿ ನಿಂತುಬಿಡುತ್ತದೆ. ಅದನ್ನು ಹಳೆಯ ಯಂತ್ರ ತೆರೆದಿರುವಾಗಲೇ ಕಾಗದದ ಮೇಲೆ ಬರೆದಿಡಬೇಕು.

ವಿಂಡೋಸ್‌ನ ವಿಷಯ ಬೇಗ ಮುಗಿಯುತ್ತದೆ. ಗಣಕದ ಜೊತೆಗೇ ಬಂದ ಒಇಎಂ ಪರವಾನಗಿ ಆ ಯಂತ್ರಕ್ಕೆ ಮಾತ್ರ ಸೇರಿದ್ದು, ಬೇರೆ ಯಂತ್ರಕ್ಕೆ ಒಯ್ಯುವಂತಿಲ್ಲ. ವಿಂಡೋಸ್ 8ರಿಂದೀಚೆಗೆ ದೊಡ್ಡ ತಯಾರಕರು ಅದರ ಕೀಲಿಯನ್ನು ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲಿಯೇ ಇರಿಸುತ್ತಾರೆ. ಪ್ರತ್ಯೇಕವಾಗಿ ಕೊಂಡ ರಿಟೇಲ್ ಪರವಾನಗಿಯನ್ನು, ಹಳೆಯದರಿಂದ ತೆಗೆದು ಹೊಸತಕ್ಕೆ ಹಾಕಬಹುದು. ನಮ್ಮದು ಯಾವುದೆಂದು ತಿಳಿಯಲು ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಎಸ್‌ಎಲ್‌ಎಂಜಿಆರ್’ ಎಂದು ಬರೆದು, ಜಾಗ ಬಿಟ್ಟು, ಓರೆಗೆರೆ ಹಾಕಿ ‘ಡಿಎಲ್‌ಐ’ ಎಂದು ಸೇರಿಸಿದರೆ (slmgr /dli) ಸಾಕು. ತೆರೆಯುವ ಚಿಕ್ಕ ಕಿಟಕಿಯಲ್ಲಿ ಒಇಎಂ ಅಥವಾ ರಿಟೇಲ್ ಎಂದು ಇರುತ್ತದೆ. ಹೊಸ ಗಣಕದಲ್ಲಿ ಸಾಮಾನ್ಯವಾಗಿ ಅದರದೇ ವಿಂಡೋಸ್ ಇರುವುದರಿಂದ ಇದಕ್ಕಾಗಿ ಬಹಳ ತಲೆಕೆಡಿಸಿಕೊಳ್ಳಬೇಕಿಲ್ಲ.

ಮೈಕ್ರೋಸಾಫ್ಟ್ ಆಫೀಸ್ ತಂತ್ರಾಂಶದ ಸಂಗತಿಯಲ್ಲಿ ಒಂದು ಹಳೆಯ ಪ್ರಸಂಗವನ್ನು ನೆನೆಯಬೇಕು. ಆಫೀಸ್ 2013 ಮಾರುಕಟ್ಟೆಗೆ ಬಂದಾಗ, ಚಿಲ್ಲರೆಯಾಗಿ ಕೊಂಡ ಪ್ರತಿಯೂ ಮೊದಲು ಹಾಕಿದ ಗಣಕಕ್ಕೇ ಶಾಶ್ವತವಾಗಿ ಸೇರುತ್ತದೆ ಎಂಬ ಷರತ್ತಿತ್ತು. ಗ್ರಾಹಕರು ಪ್ರತಿಭಟಿಸಿದ ಮೇಲೆ ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಮೈಕ್ರೋಸಾಫ್ಟ್ ಷರತ್ತನ್ನು ಬದಲಿಸಿ, 90 ದಿನಗಳಿಗೊಮ್ಮೆ ಬೇರೆ ಗಣಕಕ್ಕೆ ವರ್ಗಾಯಿಸಲು ಒಪ್ಪಿತು. ಪರವಾನಗಿಯ ಷರತ್ತುಗಳು ಬಳಸುವವರು ಕೇಳಿದರೆ ಬದಲಾಗುತ್ತವೆ ಎಂಬುದಕ್ಕೆ ಇದೊಂದು ಗಟ್ಟಿ ಉದಾಹರಣೆ. ನಮ್ಮ ಚಿಕ್ಕ ವ್ಯಾಪಾರಿಗಳು ಕೇಳುವುದೇ ಇಲ್ಲ ಎಂಬುದು ನನ್ನ ಕೊರಗು. ಈಗಿನ ಚಂದಾ ಪದ್ಧತಿಯಲ್ಲಿ ಈ ತೊಡಕು ಕಡಿಮೆ. ಫೋಟೋಶಾಪ್ ತಯಾರಿಸುವ ಅಡೋಬಿಯ ವೈಯಕ್ತಿಕ ಚಂದಾ ಎರಡು ಗಣಕಗಳಲ್ಲಿ ಸಕ್ರಿಯವಾಗಿರಬಹುದು, ಮೂರನೆಯದರಲ್ಲಿ ಪ್ರವೇಶಿಸಿದಾಗ ಹಳೆಯದರಿಂದ ಹೊರಬರಲು ಅದೇ ಕೇಳುತ್ತದೆ. ಅಲ್ಲಿ ಕಟ್ಟಿರುವುದು ಯಂತ್ರಕ್ಕಲ್ಲ, ಖಾತೆಗೆ.

ನಮ್ಮ ಊರಿನ ಅಂಗಡಿಗಳಲ್ಲಿ ನಿಜವಾದ ಆತಂಕ ಇರುವುದು ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದ ಬಗ್ಗೆ, ಏಕೆಂದರೆ ಅಲ್ಲಿರುವುದು ಲೆಕ್ಕ. ಬೆಂಗಳೂರಿನ ಈ ಕಂಪನಿ ವರ್ಗಾವಣೆಗೆ ಸರಿಯಾದ ದಾರಿಯನ್ನೇ ಇಟ್ಟಿದೆ. ಟ್ಯಾಲಿಪ್ರೈಮ್‌ನಲ್ಲಿ ಎಫ್1 ಒತ್ತಿ, ಸೆಟ್ಟಿಂಗ್ಸ್‌ನ ಒಳಗೆ ಲೈಸೆನ್ಸ್‌ಗೆ ಹೋಗಿ, ಲೈಸೆನ್ಸನ್ನು ‘ಸರೆಂಡರ್’ ಮಾಡಬೇಕು. ಆಗ ಹಳೆಯ ಗಣಕದ ಟ್ಯಾಲಿ ಶೈಕ್ಷಣಿಕ ಸ್ಥಿತಿಗೆ ಇಳಿಯುತ್ತದೆ, ತಿಂಗಳ ಕೆಲವೇ ದಿನಾಂಕಗಳಿಗೆ ಮಾತ್ರ ವೋಚರ್ ಹಾಕಲು ಬಿಡುತ್ತದೆ. ಆ ಮೇಲೆ ಹೊಸ ಗಣಕದಲ್ಲಿ ಅದೇ ಖಾತೆಯಿಂದ ಪರವಾನಗಿಯನ್ನು ಮತ್ತೆ ಸಕ್ರಿಯಗೊಳಿಸಬಹುದು. ಸರೆಂಡರ್ ಮಾಡುವಾಗ ನೋಂದಾಯಿತ ಇಮೇಲ್ ಮತ್ತು ಅದರ ಪಾಸ್‌ವರ್ಡ್ ಬೇಕು, ತೊಡಕು ಹುಟ್ಟುವುದೇ ಇಲ್ಲಿ. ಎಷ್ಟೋ ಅಂಗಡಿಗಳಲ್ಲಿ ಮೊದಲ ದಿನ ಟ್ಯಾಲಿ ಹಾಕಿಕೊಟ್ಟ ಹುಡುಗ ತನ್ನದೇ ಇಮೇಲ್ ಕೊಟ್ಟಿರುತ್ತಾನೆ, ಇಲ್ಲವೇ ಕೆಲಸ ಬಿಟ್ಟುಹೋದ ಲೆಕ್ಕಿಗರ ಇಮೇಲ್ ಅಲ್ಲಿರುತ್ತದೆ. ಮಾಲೀಕರು ಹಣ ಕೊಟ್ಟಿರುತ್ತಾರೆ, ಕೀಲಿ ಇನ್ನೊಬ್ಬರ ಕೈಯಲ್ಲಿರುತ್ತದೆ. ಗಣಕ ಬದಲಿಸುವ ಯೋಚನೆ ಇಲ್ಲದವರೂ ಈ ಒಂದು ವಿವರವನ್ನು ಇಂದೇ ತೆರೆದು ನೋಡಿ, ಇಮೇಲನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕೆಂದು ಕೈಮುಗಿದು ಕೇಳುತ್ತೇನೆ.

ಇನ್ನೊಂದು ಸೂಕ್ಷ್ಮವಿದೆ. ಟ್ಯಾಲಿಯ ಪರವಾನಗಿ ಶಾಶ್ವತವಾದರೂ, ಟಿಎಸ್‌ಎಸ್ ಎಂಬ ಸೇವಾ ಚಂದಾ ಮುಗಿದಿದ್ದರೆ ಆ ದಿನಾಂಕದ ನಂತರ ಬಿಡುಗಡೆಯಾದ ಆವೃತ್ತಿಗಳಿಗೆ ಅದು ಒಪ್ಪುವುದಿಲ್ಲ. ಹೊಸ ಗಣಕಕ್ಕೆ ಇತ್ತೀಚಿನ ಆವೃತ್ತಿಯನ್ನು ಇಳಿಸಿಕೊಂಡು ಹಾಕಿ, ಪರವಾನಗಿ ಹಿಡಿಯುತ್ತಿಲ್ಲವೆಂದು ಗಾಬರಿಯಾಗುವವರು ಮೊದಲು ಇದನ್ನು ನೋಡಬೇಕು. ಹಳೆಯ ಯಂತ್ರದಲ್ಲಿ ಯಾವ ಬಿಡುಗಡೆ ಇತ್ತೋ ಅದರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು ಕ್ಷೇಮ. ದತ್ತಾಂಶದ ಬ್ಯಾಕಪ್ಪನ್ನು ಆಲ್ಟ್ ಮತ್ತು ವೈ ಒತ್ತಿ ತೆಗೆಯಬಹುದು. ಅದರ ಜೊತೆಗೆ ಅಂಕೆಗಳ ಹೆಸರಿನ ಕಂಪನಿ ಫೋಲ್ಡರ್‌ಗಳನ್ನೂ ಹಾಗೆಯೇ ನಕಲು ಮಾಡಿಕೊಳ್ಳಬೇಕು. ಬಿಲ್ಲಿನ ಮೇಲೆ ಅಂಗಡಿಯ ಚಿಹ್ನೆ, ವಿಶೇಷ ಕಾಲಂಗಳು ಬರುವಂತೆ ಯಾರಾದರೂ ಟಿಡಿಎಲ್ ಕಡತ ಮಾಡಿಕೊಟ್ಟಿದ್ದರೆ ಅದು ಬ್ಯಾಕಪ್ಪಿನಲ್ಲಿ ಬರುವುದಿಲ್ಲ, ಬೇರೆಯಾಗಿ ಹುಡುಕಿ ತರಬೇಕು. ಜಿಎಸ್‌ಟಿ ಕಾಯಿದೆಯ 36ನೆಯ ಕಲಮಿನ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳು ಕಾಯ್ದುಕೊಳ್ಳಬೇಕಾದ್ದರಿಂದ, ಹಳೆಯ ವರ್ಷಗಳ ಕಂಪನಿಗಳೂ ಹೊಸ ಗಣಕದಲ್ಲಿ ತೆರೆಯುತ್ತವೆಯೇ ಎಂದು ಒಂದೊಂದನ್ನೂ ತೆರೆದು ನೋಡಿದ ಮೇಲೆಯೇ ಹಳೆಯ ಯಂತ್ರದ ಕಡೆ ಕೈ ಹೋಗಬೇಕು.

ಮುದ್ರಣಾಲಯದಲ್ಲಿ ಇದಕ್ಕಿಂತ ಕಠಿಣವಾದದ್ದು ಕನ್ನಡ ಅಕ್ಷರಗಳ ತಂತ್ರಾಂಶ. ಸರ್ಕಾರದ ನೆರವಿನಿಂದ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಉಚಿತವಾದದ್ದು, ಅದನ್ನು ಎಷ್ಟು ಗಣಕಗಳಿಗಾದರೂ ಹಾಕಿಕೊಳ್ಳಬಹುದು. ಆದರೆ ಮದುವೆಯ ಕಾರ್ಡು, ಪುಸ್ತಕ, ಜಾತ್ರೆಯ ಭಿತ್ತಿಪತ್ರಗಳಿಗೆ ಬೇಕಾಗುವ ಅಲಂಕಾರಿಕ ಅಕ್ಷರಗಳ ಸಲುವಾಗಿ ಮುದ್ರಣಾಲಯಗಳು ಹಣ ಕೊಟ್ಟು ಬೇರೆ ತಂತ್ರಾಂಶಗಳನ್ನು ಕೊಂಡಿವೆ, ಅವುಗಳಲ್ಲಿ ಹಳೆಯವು ಬಂದದ್ದು ಗಣಕಕ್ಕೆ ಚುಚ್ಚಿದರೆ ಮಾತ್ರ ತಂತ್ರಾಂಶ ತೆರೆಯುವ ಡಾಂಗಲ್‌ನೊಂದಿಗೆ. ನಮ್ಮಲ್ಲಿ ಎಲ್ಲರೂ ಅದನ್ನು ‘ಲಾಕ್’ ಎನ್ನುತ್ತಾರೆ. ನಮ್ಮಲ್ಲಿರುವುದು ಬೆಂಕಿಪೊಟ್ಟಣದಷ್ಟು ದಪ್ಪದ, ಒಂದು ಬದಿಗೆ 25 ಪಿನ್ನು, ಇನ್ನೊಂದು ಬದಿಗೆ 25 ರಂಧ್ರಗಳಿರುವ ತುಂಡು. ಗಣಕದ ಪ್ಯಾರಲಲ್ ಪೋರ್ಟಿಗೂ ಪ್ರಿಂಟರಿನ ಕೇಬಲ್ಲಿಗೂ ನಡುವೆ ಅದು ಕೂತಿರುತ್ತದೆ, ತಂತ್ರಾಂಶ ತೆರೆದಾಗಲೆಲ್ಲ ಅದನ್ನು ವಿಚಾರಿಸಿಕೊಳ್ಳುತ್ತದೆ. ಅಚ್ಚುಮೊಳೆ ಜೋಡಿಸುವ ಕಾಲದಿಂದಲೂ ನಮ್ಮಲ್ಲಿರುವ ಹಿರಿಯ ಅಕ್ಷರ ಜೋಡಕರನ್ನು “ಕಾಕಾ, ಈ ಲಾಕ್ ತಗದ್ರ ಏನಾಗ್ತದ್ರಿ?” ಎಂದು ಕೇಳಿದರೆ, “ಅಕ್ಷರ ಎಲ್ಲಾ ಓಡಿ ಹೋಗ್ತಾವಪಾ, ಅದನ್ನ ಮುಟ್ಟಬ್ಯಾಡ” ಎಂದರು. ಅವರ ಮಾತು ಸರಿ. ಅಕ್ಷರಗಳ ಫಾಂಟ್ ಇಲ್ಲದ ಗಣಕದಲ್ಲಿ ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರ್‌ನ ಕಡತ ತೆರೆದರೆ, ಪುಟದ ತುಂಬ ತಲೆಯ ಮೇಲೆ ಗೆರೆ, ಚುಕ್ಕೆಗಳನ್ನು ಹೊತ್ತ ರೋಮನ್ ಅಕ್ಷರಗಳು ಮಾತ್ರ ಕಾಣುತ್ತವೆ, ಏಕೆಂದರೆ ಆ ಕಾಲದ ಕನ್ನಡ ಫಾಂಟುಗಳು ರೋಮನ್ ಅಕ್ಷರಗಳ ಸ್ಥಾನಗಳಲ್ಲಿಯೇ ಕನ್ನಡದ ತುಂಡುಗಳನ್ನು ಕೂರಿಸಿಕೊಂಡಿದ್ದವು.

ಹೊಸ ಗಣಕಕ್ಕೆ ಆ ಪೋರ್ಟೇ ಇಲ್ಲ. ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಬದಲಿಸುವ ಕೇಬಲ್ಲುಗಳು ಅಂಗಡಿಯಲ್ಲಿ ಸಿಗುತ್ತವೆ, ಆದರೆ ಅವು ಪ್ರಿಂಟರಿಗಾಗಿ ಮಾಡಿದವು. ಲಾಕ್ ಕೇಳುವ ನೇರ ಸಂಪರ್ಕವನ್ನು ಅವು ಸಾಮಾನ್ಯವಾಗಿ ಕೊಡುವುದಿಲ್ಲ. ಕಾರ್ಡು ಹಾಕಿ ಪೋರ್ಟನ್ನು ಸೇರಿಸಿದರೂ ಲಾಕಿನ ಡ್ರೈವರ್ 32 ಬಿಟ್ಟಿನದಾದರೆ 64 ಬಿಟ್ ವಿಂಡೋಸ್ ಅದನ್ನು ಒಳಬಿಡುವುದಿಲ್ಲ. ಆ ಕಾಲದ ಕೆಲವು ಸಿ.ಡಿ.ಗಳ ಸೆಟಪ್ 16 ಬಿಟ್ಟಿನದು, ಅದಂತೂ 64 ಬಿಟ್‌ನಲ್ಲಿ ಓಡುವುದೇ ಇಲ್ಲ. ಯುಎಸ್‌ಬಿ ಲಾಕ್ ಇರುವವರು ಅದೃಷ್ಟವಂತರು: ಹೊಸ ಡ್ರೈವರ್ ಹಾಕಿ, ಲಾಕನ್ನು ಕಿತ್ತು ಹೊಸ ಗಣಕಕ್ಕೆ ಚುಚ್ಚಿದರೆ ಪರವಾನಗಿಯೂ ಅದರ ಜೊತೆಗೇ ಬಂದಂತೆ, ಸರ್ವರ್ ಬೇಡ, ಇಮೇಲ್ ಬೇಡ. ಕೈಯಲ್ಲಿ ಹಿಡಿಯಬಹುದಾದ ಪರವಾನಗಿಗೆ ಈ ಒಂದು ಘನತೆ ಇತ್ತು ಎಂದು ನನಗೆ ಅನ್ನಿಸುತ್ತದೆ. ಹಳೆಯ ಲಾಕನ್ನು ಹಿಂದಿರುಗಿಸಿ, ಸ್ವಲ್ಪ ಹಣ ಕೊಟ್ಟು ಯುಎಸ್‌ಬಿಯದನ್ನು ಪಡೆಯಲು ಸಾಧ್ಯವೇ ಎಂದು ತಯಾರಕರನ್ನು ಕೇಳುವುದು ಮೊದಲ ಕೆಲಸವಾಗಬೇಕು.

ಇಂಥ ಹೊತ್ತಿನಲ್ಲಿಯೇ ಯಾರಾದರೂ ಪರವಾನಗಿಯ ಬೀಗ ಮುರಿಯುವ ‘ಕ್ರ್ಯಾಕ್’ ತಂದು ಕೊಡುತ್ತೇನೆ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ, ಅದಕ್ಕೆ ಕಾನೂನಿನ ಭಯವೊಂದೇ ಕಾರಣವಲ್ಲ. ಲೆಕ್ಕವಿರುವ ಗಣಕಕ್ಕೆ, ಯಾರು ಬರೆದರೆಂದು ತಿಳಿಯದ ಕಡತವನ್ನು, ಅದೂ ಆಂಟಿವೈರಸ್ ನಿಲ್ಲಿಸಿ ಹಾಕುವುದೆಂದರೆ ಅಂಗಡಿಯ ಕೀಲಿಗೊಂಚಲನ್ನೇ ಬೀದಿಯಲ್ಲಿ ಹೋಗುವವರ ಕೈಗೆ ಕೊಟ್ಟಂತೆಯೇ ಸರಿ. ಕಾನೂನೂ ಸ್ಪಷ್ಟವಾಗಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮು, ಅಕ್ರಮ ಪ್ರತಿಯೆಂದು ತಿಳಿದೂ ಗಣಕದಲ್ಲಿ ಬಳಸುವವರಿಗೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸವನ್ನೂ 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ಹೇಳುತ್ತದೆ. ಅದೇ ಕಾಯಿದೆಯ 52ನೆಯ ಕಲಮು, ಸಕ್ರಮವಾಗಿ ಹೊಂದಿರುವವರು ನಷ್ಟ, ನಾಶ, ಹಾನಿಗಳಿಂದ ರಕ್ಷಣೆಗಾಗಿ ಬ್ಯಾಕಪ್ ಪ್ರತಿ ಮಾಡಿಕೊಳ್ಳಬಹುದೆಂದೂ ಹೇಳುತ್ತದೆ. ಕೊಂಡ ಸಿ.ಡಿ. ಸವೆಯುವ ಮುನ್ನ ಅದರ ಪ್ರತಿಯನ್ನು ಡಿಸ್ಕಿನಲ್ಲಿ ಇಟ್ಟುಕೊಳ್ಳಲು ಯಾರೂ ಹಿಂಜರಿಯಬೇಕಾಗಿಲ್ಲ.

ಪ್ರಾಮಾಣಿಕವಾಗಿ ಕೊಂಡವರ ಬಗ್ಗೆ ತಯಾರಕರಿಗೂ ಒಂದು ಹೊಣೆ ಇದೆ. ಆಕ್ಟಿವೇಶನ್ ಸರ್ವರ್ ನಿಲ್ಲಿಸಿದ ದಿನ, ಹಣ ಕೊಟ್ಟವರಿಗೂ ಅವರ ತಪ್ಪಿಲ್ಲದೆ, ಪರವಾನಗಿಯನ್ನು ಹೊಸ ಗಣಕದಲ್ಲಿ ಸಕ್ರಿಯಗೊಳಿಸಲು ಆಗದಂತಾಗುತ್ತದೆ. ಅಡೋಬಿಯ ಹಳೆಯ ತಂತ್ರಾಂಶಗಳ ಗುಚ್ಛವಾದ ಸಿಎಸ್2ರ ಸರ್ವರ್ ನಿಂತಾಗ, 2013ರ ಜನವರಿಯ ಹೊತ್ತಿಗೆ ಆ ಕಂಪನಿ ಆಕ್ಟಿವೇಶನ್ ಬೇಡದ ಪ್ರತಿಗಳನ್ನು ತನ್ನ ಹಳೆಯ ಗ್ರಾಹಕರಿಗಾಗಿ ಇಳಿಸಿಕೊಳ್ಳಲು ಇಟ್ಟಿತ್ತು. ಕನ್ನಡದ ಅಕ್ಷರ ತಂತ್ರಾಂಶ ಮಾರಿದವರೆಲ್ಲರೂ ಇಂಥ ಒಂದು ದಾರಿಯನ್ನು ತೆರೆದಿಡಬೇಕು ಎಂಬುದು ನನ್ನ ಬೇಡಿಕೆ, ಏಕೆಂದರೆ ಆ ಕಡತಗಳಲ್ಲಿ ಇರುವುದು ನಮ್ಮ ಊರಿನ ಪುಸ್ತಕಗಳು, ಸಂಘಗಳ ಸ್ಮರಣ ಸಂಚಿಕೆಗಳು, ಮಠಗಳ ಪಂಚಾಂಗಗಳು.

ನಮ್ಮ ಪ್ಯಾರಲಲ್ ಲಾಕಿಗೆ ಬದಲಿ ಸಿಗಲಿಲ್ಲ. ಆದ್ದರಿಂದ ಆ ಒಂದು ಹಳೆಯ ಗಣಕವನ್ನು ಇಂಟರ್ನೆಟ್‌ನಿಂದ ಬೇರ್ಪಡಿಸಿ ಮೂಲೆಯ ಮೇಜಿನ ಮೇಲೆ ಉಳಿಸಿಕೊಂಡಿದ್ದೇವೆ. ಕಾಕಾ ಅದರಲ್ಲಿ ಹಳೆಯ ಪುಸ್ತಕಗಳ ಕಡತಗಳನ್ನು ಒಂದೊಂದಾಗಿ ತೆರೆದು, ಮೊದಲು ಪಿಡಿಎಫ್ ಮಾಡಿ, ಆಮೇಲೆ ಪಠ್ಯವನ್ನು ಈಗಿನ ಗಣಕಗಳೆಲ್ಲ ಓದುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಪರಿವರ್ತಿಸಲು ಹೊಸ ಗಣಕಕ್ಕೆ ಕಳುಹಿಸುತ್ತಾರೆ. ಪರಿವರ್ತನೆಯಲ್ಲಿ ಹೆಚ್ಚು ತಪ್ಪು ಬರುವುದು ಅರ್ಕಾವತ್ತಿನಲ್ಲಿ: ಹಳೆಯ ಫಾಂಟುಗಳಲ್ಲಿ ಅದು ಅಕ್ಷರದ ನಂತರ ಬರುತ್ತಿತ್ತು, ಯೂನಿಕೋಡ್‌ನಲ್ಲಿ ‘ರ’ಕಾರವೇ ಮೊದಲು ಬರಬೇಕು. ಹಾಗಾಗಿ ಪ್ರತಿ ಪುಟವನ್ನೂ ಪಿಡಿಎಫ್ ಪಕ್ಕದಲ್ಲಿಟ್ಟು ಓದಿ ತಿದ್ದಬೇಕಾಗುತ್ತದೆ. ಮತ್ತೆ ಮುದ್ರಣಕ್ಕೆ ಬರುವ ಸಂಭವವಿರುವ ಪುಸ್ತಕಗಳನ್ನು ಮೊದಲು ಹಿಡಿದಿದ್ದೇವೆ, ಕಾರ್ಡುಗಳನ್ನೂ ಭಿತ್ತಿಪತ್ರಗಳನ್ನೂ ಪಿಡಿಎಫ್‌ನಲ್ಲಿ ಮಾತ್ರ ಉಳಿಸಿ ಬಿಡುತ್ತಿದ್ದೇವೆ.