ರಾಕೆಟ್ ಮೋಟಾರ್ ಲೆಕ್ಕ: ಈ ಸಲ ನ್ಯಾನೊ ಕ್ಯಾಟಲಿಸ್ಟ್

ಪೈಥಾನ್‌ನಲ್ಲಿ ಬರೆಯುತ್ತಿರುವ ಘನ ಇಂಧನ ಮೋಟಾರಿನ ಪ್ರೋಗ್ರಾಂಗೆ ಈಗ ಕ್ಯಾಟಲಿಸ್ಟ್ (ಉರಿಯುವ ವೇಗ ಬದಲಿಸಲು ಇಂಧನಕ್ಕೆ ಬೆರೆಸುವ ಪುಡಿ) ಕೂಡ ಸೇರಿತು. ಕೆಲಸವೆಲ್ಲ ಕಂಪ್ಯೂಟರಿನಲ್ಲೇ. ಇಂಥ ಇಂಧನವನ್ನು ಮನೆಯಲ್ಲಿ ಕಲಸುವುದು ಜೀವಕ್ಕೇ ಅಪಾಯ, ಯಾರೂ ಆ ಕಡೆ ಹೋಗಬೇಡಿ.

ಲೆಕ್ಕದ ಬುಡದಲ್ಲಿರುವುದು ಒಂದೇ ಸೂತ್ರ. ಉರಿಯುವ ವೇಗ ಅಂದರೆ 'ಎ' ಗುಣಿಸು ಒತ್ತಡದ 'ಎನ್' ಘಾತ. 'ಎ', 'ಎನ್' ಎರಡೂ ಆಯಾ ಇಂಧನದ ಸಂಖ್ಯೆಗಳು; ಒತ್ತಡ ಏರಿದರೆ ವೇಗ ಎಷ್ಟು ಏರುತ್ತದೆ ಅನ್ನುವುದನ್ನು 'ಎನ್' ಹೇಳುತ್ತದೆ. ಪಿಎಸ್‌ಎಲ್‌ವಿಯ ಮೊದಲ ಹಂತದಲ್ಲಿ ಸುಮಾರು 139 ಟನ್ ಎಚ್‌ಟಿಪಿಬಿ (ರಬ್ಬರಿನಂಥ ಅಂಟು) ಇಂಧನ ಇರುತ್ತದಲ್ವಾ, ಆ ಜಾತಿಯ ಇಂಧನಕ್ಕೂ ಇದೇ ಸೂತ್ರ. ಅದರಲ್ಲಿ ಆಮ್ಲಜನಕ ಕೊಡುವುದು ಅಮೋನಿಯಂ ಪರ್‌ಕ್ಲೋರೇಟ್. ಐರನ್ ಆಕ್ಸೈಡ್, ಕಾಪರ್ ಕ್ರೋಮೈಟ್‌ನಂಥ ಕ್ಯಾಟಲಿಸ್ಟ್ ಇದ್ದರೆ ಅದು ಕಡಿಮೆ ಬಿಸಿಯಲ್ಲೇ ಒಡೆಯುತ್ತದೆ, ವೇಗ ಏರುತ್ತದೆ. ಸ್ಪೇಸ್ ಶಟಲ್ ಬೂಸ್ಟರಿನಲ್ಲಿ ಐರನ್ ಆಕ್ಸೈಡ್ ನೂರಕ್ಕೆ ಅರ್ಧ ಭಾಗವೂ ಇರಲಿಲ್ಲ, ಅಷ್ಟೇ ಸಾಕಾಗುತ್ತಿತ್ತು.

ನ್ಯಾನೊ, ಅಂದರೆ ತೀರಾ ಸಣ್ಣ ಕಣ, ಯಾಕೆ ಅಂದರೆ ಮೇಲ್ಮೈಗಾಗಿ. 1 ಮೈಕ್ರಾನ್ (1000 ನ್ಯಾನೊಮೀಟರ್) ಕಣಗಳ ಒಂದು ಗ್ರಾಂ ಐರನ್ ಆಕ್ಸೈಡಿಗೆ ಸುಮಾರು 1.1 ಚದರ ಮೀಟರ್ ಮೇಲ್ಮೈ. ಕಣ 50 ನ್ಯಾನೊಮೀಟರ್ ಆದರೆ ಅದು 23 ಚದರ ಮೀಟರ್! ಆದರೆ ಇದು ಕಣಗಳು ಬಿಡಿಬಿಡಿಯಾಗಿದ್ದರೆ ಮಾತ್ರ. ಬಿಸಿನೀರಿಗೆ ಸುರಿದ ರಾಗಿಹಿಟ್ಟಿನ ಹಾಗೆ ಗಂಟು ಕಟ್ಟಿದರೆ ಲಾಭ ಹೋಯಿತು. ಅದಕ್ಕೇ ಪ್ರೋಗ್ರಾಂಗೆ ಕಣದ ಅಳತೆಯ ಜೊತೆ ಗಂಟಿನ ಅಳತೆಯನ್ನೂ ಕೊಡುತ್ತೇನೆ.

ನನಗೆ ತುಂಬ ಖುಷಿ ಕೊಟ್ಟಿದ್ದು ಮುಂದಿನ ಭಾಗ. ಮೋಟಾರ್, ನಾಜಲ್ (ಬಿಸಿ ಅನಿಲ ಹೊರಬರುವ ಬಾಯಿ) ಎಲ್ಲ ಹಾಗೇ ಇಟ್ಟು 'ಎ' ಮಾತ್ರ ಶೇ. 20 ಏರಿಸಿದೆ. 'ಎನ್' 0.3 ಇದ್ದಾಗ ಒಳಗಿನ ಒತ್ತಡ ಶೇ. 30 ಏರಿತು. 0.5 ಇದ್ದಾಗ ಶೇ. 44. 0.7 ಇದ್ದಾಗ ಶೇ. 84! ವೇಗ ಏರಿದರೆ ಒತ್ತಡ ಏರುತ್ತದೆ, ಆ ಒತ್ತಡ ಮತ್ತೆ ವೇಗವನ್ನು ಏರಿಸುತ್ತದೆ. 'ಎನ್' ಒಂದರ ಹತ್ತಿರ ಹೋದಷ್ಟೂ ಕವಚ ಒಡೆಯುವ ಭಯ ಜಾಸ್ತಿ. ಹಾಗಾಗಿ ಹೊಸ ಕ್ಯಾಟಲಿಸ್ಟಿನಿಂದ ವೇಗ ಇಷ್ಟು ಏರಿತು ಅಂತ ಸುಮ್ನೆ ಹೇಳಿದರೆ ಸಾಲದು. 'ಎನ್' ಎಷ್ಟಾಯಿತು ಅನ್ನುವುದೇ ನನಗೆ ಮೊದಲ ಪ್ರಶ್ನೆ. ವೇಗ ಸ್ವಲ್ಪವೇ ಏರಿಸಿ 'ಎನ್' ಇಳಿಸುವ ಕ್ಯಾಟಲಿಸ್ಟ್ ನನ್ನ ಲೆಕ್ಕದಲ್ಲಿ ಹೆಚ್ಚು ಬೆಲೆಯದು.

ಒತ್ತಡ ಏರದಂತೆ ನಾಜಲ್ ಗಂಟಲಿನ (ಅದರ ಅತಿ ಕಿರಿದಾದ ಭಾಗದ) ವಿಸ್ತೀರ್ಣವನ್ನೂ ಶೇ. 20 ಹಿಗ್ಗಿಸಿ ನೋಡಿದೆ. ನೂಕುಬಲ ಶೇ. 20 ಹೆಚ್ಚಿತು, ಉರಿಯುವ ಸಮಯ ಶೇ. 17ರಷ್ಟು ಕಡಿಮೆಯಾಯಿತು. ಒಟ್ಟು ತಳ್ಳು ಮಾತ್ರ ಮೊದಲಿನಷ್ಟೇ ಉಳಿಯಿತು.

ಮುಂದೆ ಇಂಧನದ ಆರಂಭದ ಉಷ್ಣಾಂಶ ಸೇರಿಸಬೇಕು. ಬಿಸಿಲಿಗೆ ಕಾದ ಇಂಧನ ಬೇಗ ಉರಿಯುತ್ತದೆ, ಅಲ್ಲೂ ಇದೇ 'ಎನ್' ಒತ್ತಡವನ್ನು ಹಿಗ್ಗಿಸುತ್ತದೆ.