ಮೂರು ದಿನದ ಊರು ಸುತ್ತಾಟ: ಮೊದಲು ಮ್ಯಾಪ್, ಆಮೇಲೆ ಹೋಟೆಲ್

ಲಾಂಗ್ ವೀಕೆಂಡ್ ಸಿಕ್ಕಿತು ಅಂದಕೂಡಲೇ ಹೆಚ್ಚಿನವರು ಮೊದಲು ಹುಡುಕುವುದು ಹೋಟೆಲ್. ಫೋಟೊ ಚೆನ್ನಾಗಿದೆ, ರೇಟಿಂಗ್ ಚೆನ್ನಾಗಿದೆ, ದರ ಕೈಗೆಟುಕುವಂತಿದೆ ಅಂತ ದುಡ್ಡು ಕಟ್ಟಿಬಿಡುತ್ತಾರೆ. ಏನೇನು ನೋಡುವುದು ಅನ್ನುವ ಮಾತು ಆಮೇಲೆ ಬರುತ್ತದೆ. ಈ ಕ್ರಮವೇ ತಲೆಕೆಳಗು. ವಾರಗಟ್ಟಲೆ ಇರುವ ಪ್ರವಾಸದಲ್ಲಾದರೆ ಹೋಟೆಲ್ ಸ್ವಲ್ಪ ದೂರವಿದ್ದರೂ ನಡೆದೀತು. ಮೂರೇ ದಿನ ಇರುವಾಗ ನಡೆಯುವುದಿಲ್ಲ. ಹತ್ತಿರ ಅಂದರೆ ಯಾವುದಕ್ಕೆ ಹತ್ತಿರ ಅಂತ ತಿಳಿಯಬೇಕಾದರೆ ನೋಡುವ ಜಾಗಗಳು ಮೊದಲು ಮ್ಯಾಪಿನ ಮೇಲೆ ಬರಲೇಬೇಕು.

ಮೊದಲು ಹೊತ್ತಿನ ಲೆಕ್ಕ ಹಾಕಿ. ಬೆಳಿಗ್ಗೆ ಒಂಬತ್ತಕ್ಕೆ ಹೊರಟು ಸಂಜೆ ಆರಕ್ಕೆ ಮುಗಿಸಿದರೆ ಒಂಬತ್ತು ಗಂಟೆ. ಊಟಕ್ಕೆ ಒಂದು ಗಂಟೆ, ಜಾಗದಿಂದ ಜಾಗಕ್ಕೆ ಓಡಾಡಲು ಒಂದೂವರೆ, ಸಾಲಿನಲ್ಲಿ ನಿಲ್ಲಲು ಅರ್ಧ ಗಂಟೆ ಕಳೆಯಿರಿ. ನಿಜವಾಗಿ ನೋಡಲು ಉಳಿಯುವುದು ಆರು ಗಂಟೆ. ದೊಡ್ಡ ಮ್ಯೂಸಿಯಂ ಒಂದಕ್ಕೆ ಮೂರು ಗಂಟೆ ಹಿಡಿಯುತ್ತದೆ, ಅಷ್ಟರಲ್ಲಿ ಕಾಲೂ ಸೋತಿರುತ್ತದೆ, ಕಣ್ಣೂ ಸೋತಿರುತ್ತದೆ. ಹಾಗಾಗಿ ದಿನಕ್ಕೆ ಟಿಕೆಟ್ ಬೇಕಾಗುವ ದೊಡ್ಡ ಜಾಗ ಒಂದು, ಚಿಕ್ಕದು ಒಂದು, ಮಿಕ್ಕ ಹೊತ್ತು ಬೀದಿ, ಮಾರುಕಟ್ಟೆ, ನದಿದಂಡೆ ಅಂತ ಸುಮ್ಮನೆ ತಿರುಗಾಟ. ಇದಕ್ಕಿಂತ ಹೆಚ್ಚು ತುಂಬಿದರೆ ಎರಡನೇ ದಿನದ ಮಧ್ಯಾಹ್ನಕ್ಕೇ ಪಟ್ಟಿ ಕುಸಿಯುತ್ತದೆ.

ಈಗ ಆಸೆಯ ಜಾಗಗಳಿಗೆಲ್ಲ ಮ್ಯಾಪಿನಲ್ಲಿ ಪಿನ್ ಹಾಕಿ, ಝೂಮ್ ಔಟ್ ಮಾಡಿ ನೋಡಿ. ಸಾಮಾನ್ಯವಾಗಿ ಅವು ಎರಡು ಮೂರು ಗುಂಪುಗಳಾಗಿ ಕೂತಿರುತ್ತವೆ, ಒಂದೆರಡು ಮಾತ್ರ ಎಲ್ಲೋ ಮೂಲೆಯಲ್ಲಿ ಒಂಟಿಯಾಗಿರುತ್ತವೆ. ಒಂದು ಗುಂಪಿಗೆ ಒಂದು ದಿನ. ಒಂಟಿ ಪಿನ್‌ಗಳಲ್ಲಿ ನಿಜಕ್ಕೂ ಬಿಡಲಾಗದ ಒಂದನ್ನು ಉಳಿಸಿಕೊಂಡು, ಅದಕ್ಕೆ ಅರ್ಧ ದಿನ ಪೂರ್ತಿ ಕೊಟ್ಟು, ಉಳಿದದ್ದನ್ನು ಕೈಬಿಡಿ. ಕೈಬಿಡುವುದು ಕಷ್ಟದ ಕೆಲಸ, ಆದರೆ ಅದನ್ನು ಮನೆಯಲ್ಲೇ ಕೂತು ಮಾಡಿದರೆ ಅಲ್ಲಿ ಬಸ್ ಸ್ಟಾಪಿನಲ್ಲಿ ನಿಂತು ವಾದ ಮಾಡುವುದು ತಪ್ಪುತ್ತದೆ.

ಪ್ರತಿ ಪಿನ್ನಿನ ಪಕ್ಕ ವಾರದ ರಜೆ ಬರೆದುಕೊಳ್ಳಿ. ಲಾಂಗ್ ವೀಕೆಂಡಿನಲ್ಲಿ ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಜಗತ್ತಿನ ಎಷ್ಟೋ ಮ್ಯೂಸಿಯಂಗಳಿಗೆ ಸೋಮವಾರ ರಜೆ, ನಿಮ್ಮ ಮೂರನೇ ದಿನ ಅನೇಕ ಸಲ ಸೋಮವಾರವೇ ಆಗಿರುತ್ತದೆ. ಒಂದೇ ಊರಲ್ಲೂ ನಿಯಮ ಒಂದೇ ಅಲ್ಲ: ಪ್ಯಾರಿಸ್‌ನಲ್ಲಿ ಲೂವ್ರ್‌ಗೆ ಮಂಗಳವಾರ ರಜೆ, ಓರ್ಸೇ ಮ್ಯೂಸಿಯಂಗೆ ಸೋಮವಾರ. ತಾಜ್ ಮಹಲ್ ಶುಕ್ರವಾರ ತೆರೆಯುವುದಿಲ್ಲ. ವ್ಯಾಟಿಕನ್ ಮ್ಯೂಸಿಯಂ ತಿಂಗಳ ಕೊನೆಯ ಭಾನುವಾರ ಬಿಟ್ಟರೆ ಉಳಿದ ಭಾನುವಾರ ಮುಚ್ಚಿರುತ್ತದೆ. ಟೋಕಿಯೊದ ನ್ಯಾಷನಲ್ ಮ್ಯೂಸಿಯಂ ಸೋಮವಾರ ಸರ್ಕಾರಿ ರಜೆ ಬಿದ್ದರೆ ಅಂದು ತೆರೆದಿದ್ದು, ಮಾರನೇ ದಿನ ಬಾಗಿಲು ಹಾಕುತ್ತದೆ. ಮ್ಯಾಪ್ ಆ್ಯಪ್ ತೋರಿಸುವ ಸಮಯವನ್ನು ನಂಬಬೇಡಿ, ಆಯಾ ಜಾಗದ ಸ್ವಂತ ವೆಬ್‌ಸೈಟ್ ತೆರೆದು ನೋಡಿ. ಅಲ್ಲಿ ‘ಕೊನೆಯ ಪ್ರವೇಶ’ ಅಂತ ಬೇರೆಯೇ ಸಮಯ ಇರುತ್ತದೆ, ಮುಚ್ಚುವುದಕ್ಕೆ ಸಾಮಾನ್ಯವಾಗಿ ಅರ್ಧದಿಂದ ಒಂದು ಗಂಟೆ ಮುಂಚೆ. ಆರಕ್ಕೆ ಮುಚ್ಚುತ್ತದೆ ಅಂತ ಐದೂಮುಕ್ಕಾಲಿಗೆ ಹೋದರೆ ಗೇಟಿನಿಂದಲೇ ವಾಪಸ್ಸು.

ಇನ್ನು ಸ್ಲಾಟ್, ಅಂದರೆ ಒಳಹೋಗಲು ಗೊತ್ತುಮಾಡಿದ ಸಮಯ, ಇರುವ ಟಿಕೆಟ್‌ಗಳು. ಸ್ಪೇನಿನ ಗ್ರನಾಡಾದ ಅಲ್‌ಹಂಬ್ರ ಕೋಟೆಯಲ್ಲಿ ನಸ್ರಿದ್ ಅರಮನೆಗಳಿಗೆ ಟಿಕೆಟ್ಟಿನಲ್ಲಿ ಅಚ್ಚಾದ ಸಮಯಕ್ಕೇ ಹೋಗಬೇಕು. ಮಿಲಾನ್‌ನಲ್ಲಿ ಲಿಯೊನಾರ್ಡೊನ ‘ಕೊನೆಯ ಭೋಜನ’ ಚಿತ್ರದ ಮುಂದೆ ಒಂದು ತಂಡಕ್ಕೆ ಸಿಗುವುದು 15 ನಿಮಿಷ. ಆಮ್‌ಸ್ಟರ್‌ಡ್ಯಾಮ್‌ನ ನಾಜಿಗಳಿಂದ ಅಡಗಿದ್ದು ಡೈರಿ ಬರೆದ ಹುಡುಗಿ ಆನ್ ಫ್ರಾಂಕ್‌ಳ ಮನೆಗೆ ಟಿಕೆಟ್ ಆನ್‌ಲೈನ್‌ನಲ್ಲಿ ಮಾತ್ರ. ಇಂಥ ಜಾಗ ಪಟ್ಟಿಯಲ್ಲಿದ್ದರೆ ಆ ಸ್ಲಾಟ್ ಖಾಲಿ ಇದೆಯೇ ನೋಡಿ, ಹಿಡಿದುಕೊಂಡು, ಅದರ ಸುತ್ತ ಉಳಿದ ದಿನವನ್ನು ಹೆಣೆಯಿರಿ. ಊರಿನ ಹಲವು ಜಾಗಗಳಿಗೆ ಒಟ್ಟಿಗೆ ಸಲ್ಲುವ ಸಿಟಿ ಪಾಸ್ ಕೊಳ್ಳುವ ಮುಂಚೆ ನಿಮ್ಮ ಪಟ್ಟಿಯ ಟಿಕೆಟ್‌ಗಳನ್ನು ಬಿಡಿಬಿಡಿಯಾಗಿ ಕೂಡಿಸಿ ನೋಡಿ, ದಿನಕ್ಕೆ ಎರಡೇ ಜಾಗ ನೋಡುವವರಿಗೆ ಪಾಸ್ ಅನೇಕ ಸಲ ನಷ್ಟ. ಎರಡು ದಿನದ ಪಾಸ್ ಅಂದರೆ ಮೊದಲ ಬಳಕೆಯಿಂದ 48 ಗಂಟೆಯೋ, ಕ್ಯಾಲೆಂಡರಿನ ಎರಡು ದಿನವೋ ಅನ್ನುವುದನ್ನೂ ಓದಿ. ಎರಡನೆಯದಾದರೆ ಸಂಜೆ ನಾಲ್ಕಕ್ಕೆ ಶುರು ಮಾಡಿದರೂ ಒಂದು ದಿನ ಹೋದಂತೆಯೇ. ಪಾಸ್ ಇದ್ದರೂ ಸ್ಲಾಟ್ ಬೇರೆಯಾಗಿ ಕಾಯ್ದಿರಿಸಬೇಕಾದ ಜಾಗಗಳಿವೆ.

ಇಷ್ಟಾದ ಮೇಲೆ ಹೋಟೆಲ್. ಎರಡು ಹೋಟೆಲ್ ಮುಂದಿವೆ ಅಂದುಕೊಳ್ಳಿ. ಒಂದು, ಪಿನ್‌ಗಳ ದೊಡ್ಡ ಗುಂಪಿಗೆ ಹತ್ತು ನಿಮಿಷದ ನಡಿಗೆ. ಇನ್ನೊಂದು ಅಗ್ಗ, ಆದರೆ ನಡುವೆ ಒಮ್ಮೆ ರೈಲು ಬದಲಿಸಿ ಮೂವತ್ತೈದು ನಿಮಿಷ. ವ್ಯತ್ಯಾಸ 25 ನಿಮಿಷ. ಹೋಗಿಬರಲು ದಿನಕ್ಕೆ 50, ಮೂರು ದಿನಕ್ಕೆ ಎರಡೂವರೆ ಗಂಟೆ. ಮಧ್ಯಾಹ್ನ ಒಮ್ಮೆ ರೂಮಿಗೆ ಬಂದು ಕಾಲು ಚಾಚುವ ಅಭ್ಯಾಸವಿದ್ದರೆ ಐದು ಗಂಟೆ, ಅಂದರೆ ಹೆಚ್ಚುಕಡಿಮೆ ಒಂದಿಡೀ ದಿನದ ನೋಡುವ ಹೊತ್ತು. ದರದ ವ್ಯತ್ಯಾಸವನ್ನು ಈ ಐದು ಗಂಟೆಯ ಎದುರು ಇಟ್ಟು ತೂಗಿ. ಮಕ್ಕಳು ಅಥವಾ ವಯಸ್ಸಾದವರು ಜೊತೆಗಿದ್ದರೆ ಮಧ್ಯಾಹ್ನದ ಆ ಒಂದು ಗಂಟೆಯೇ ಸಂಜೆಯನ್ನು ಉಳಿಸುತ್ತದೆ, ಇದರಲ್ಲಿ ನನಗೆ ಸಂಶಯವೇ ಇಲ್ಲ. ಊರ ನಡುವೆ ದರ ಕೈಗೆಟುಕದಿದ್ದರೆ, ರೈಲು ಬದಲಿಸದೆ ನೇರವಾಗಿ ತಲುಪುವ ಲೈನಿನಲ್ಲಿ, ಸ್ಟೇಷನ್ನಿಗೆ ಐದಾರು ನಿಮಿಷದಲ್ಲಿರುವ ಹೋಟೆಲ್ ಹುಡುಕಿ. ರಾತ್ರಿ ಕೊನೆಯ ರೈಲು ಎಷ್ಟಕ್ಕೆ ಅನ್ನುವುದನ್ನೂ ನೋಡಿಕೊಳ್ಳಿ.

ಬುಕಿಂಗ್ ಪುಟದಲ್ಲಿ ‘ಕೇಂದ್ರದಿಂದ 800 ಮೀಟರ್’ ಅಂತಿರುವುದು ಎಷ್ಟೋ ಸಲ ಕಾಗೆ ಹಾರಿದಂತೆ ನೇರ ಗೆರೆಯ ದೂರ. ನಡುವೆ ನದಿಯೋ, ರೈಲು ಹಳಿಯೋ, ಗುಡ್ಡವೋ ಬಂದರೆ ಅದು ಎರಡು ಕಿಲೋಮೀಟರ್ ಆಗಬಹುದು. ಹೋಟೆಲಿನ ಬಾಗಿಲಿನಿಂದ ಮೊದಲ ಪಿನ್‌ವರೆಗೆ ನಡಿಗೆ ದಾರಿ ಹಾಕಿ ನೋಡಿ, ಮ್ಯಾಪಿನ ಬೀದಿಯ ಚಿತ್ರಗಳಲ್ಲಿ (ಸ್ಟ್ರೀಟ್ ವ್ಯೂ) ಆ ದಾರಿಯಲ್ಲೊಮ್ಮೆ ಹೋಗಿಬನ್ನಿ. ಸ್ಟಾರ್‌ಗಳನ್ನು ಕೊಡುವ ಪದ್ಧತಿ ದೇಶದಿಂದ ದೇಶಕ್ಕೆ ಬೇರೆ, ಅವು ಸೌಲಭ್ಯ ಹೇಳುತ್ತವೆಯೇ ಹೊರತು ಬೀದಿಯ ಗದ್ದಲವನ್ನು ಹೇಳುವುದಿಲ್ಲ. ಅದಕ್ಕೆ ರಿವ್ಯೂ ಓದಬೇಕು: ಕಳೆದ ಮೂರ್ನಾಲ್ಕು ತಿಂಗಳಿನವು, ಅದರಲ್ಲೂ ಐದಕ್ಕೆ ಮೂರು ಕೊಟ್ಟವರದ್ದು. ಹೊಗಳಿಕೆಯೂ ಸಿಟ್ಟೂ ಇಲ್ಲದೆ ಇದ್ದದ್ದನ್ನು ಇದ್ದಹಾಗೆ ಬರೆಯುವವರು ಅವರೇ. ರಿವ್ಯೂಗಳೊಳಗೆ ಶಬ್ದ, ಲಿಫ್ಟ್, ಬಿಸಿನೀರು, ಕಟ್ಟಡ ಕೆಲಸ ಈ ನಾಲ್ಕು ಪದ ಹುಡುಕಿ. ಒಂದೇ ದೂರು ಮೂರು ಜನರಿಂದ ಬಂದಿದ್ದರೆ ಅದು ನಿಜ.

ರೂಮಿನ ಅಳತೆ ನೋಡದೆ ಬುಕ್ ಮಾಡಬೇಡಿ. 12 ಚದರ ಮೀಟರ್ ರೂಮಿನಲ್ಲಿ ಇಬ್ಬರು ಎರಡು ಸೂಟ್‌ಕೇಸ್ ಬಿಚ್ಚಿಟ್ಟರೆ ಕಾಲಿಡಲು ಜಾಗವಿರುವುದಿಲ್ಲ, 18 ಇದ್ದರೆ ಆರಾಮ. ಕೆಲವು ಕಡೆ ಅಗ್ಗದ ರೂಮಿಗೆ ಕಿಟಕಿಯೇ ಇರುವುದಿಲ್ಲ, ಇದ್ದರೂ ಎದುರಿಗೆ ಗೋಡೆ. ದರ ಹೋಲಿಸುವಾಗ ಕೊನೆಯ ಪಾವತಿ ಪುಟದ ಮೊತ್ತವನ್ನೇ ಹಿಡಿಯಿರಿ. ತೆರಿಗೆ ಅಲ್ಲಿ ಸೇರುತ್ತದೆ. ಕೆಲವು ಊರುಗಳಲ್ಲಿ ತಲೆಗೆ, ರಾತ್ರಿಗೆ ಇಷ್ಟು ಅಂತ ಪ್ರವಾಸಿ ತೆರಿಗೆಯನ್ನು ಹೋಟೆಲಿನಲ್ಲೇ ಬೇರೆಯಾಗಿ ಕಟ್ಟಬೇಕು. ಉಚಿತ ರದ್ದತಿಯ ಗಡುವು ಸಾಮಾನ್ಯವಾಗಿ ಹೋಟೆಲ್ ಇರುವ ಊರಿನ ಗಡಿಯಾರದ ಪ್ರಕಾರ, ನಿಮ್ಮ ಊರಿನದ್ದಲ್ಲ. ಊರಲ್ಲೆಲ್ಲ ದರ ಇದ್ದಕ್ಕಿದ್ದಂತೆ ದುಪ್ಪಟ್ಟಾಗಿದ್ದರೆ ಆ ವಾರ ಮ್ಯಾರಥಾನೋ, ದೊಡ್ಡ ಮೇಳವೋ ಇರಬಹುದು. ಹಾಗಿದ್ದರೆ ರಸ್ತೆಗಳೂ ಮುಚ್ಚಿರಬಹುದು, ಸಾಧ್ಯವಾದರೆ ವಾರ ಬದಲಿಸಿ.

ಕೊನೆಯದಾಗಿ ಲಗೇಜು. ಚೆಕ್‌ಇನ್ ಮಧ್ಯಾಹ್ನ ಎರಡೋ ಮೂರೋ, ಚೆಕ್‌ಔಟ್ ಹನ್ನೊಂದೋ ಹನ್ನೆರಡೋ. ಬೆಳಿಗ್ಗೆ ತಲುಪಿ, ಮೂರನೇ ದಿನ ಸಂಜೆ ಹೊರಡುವವರಿಗೆ ಎರಡೂ ತುದಿಯಲ್ಲಿ ಐದಾರು ಗಂಟೆ ಕೈಯಲ್ಲಿ ಪೆಟ್ಟಿಗೆ. ದೊಡ್ಡ ಬ್ಯಾಗನ್ನು ಮ್ಯೂಸಿಯಂ ಒಳಗೆ ಬಿಡುವುದಿಲ್ಲ. ರಿಸೆಪ್ಷನ್ ಇರುವ ಹೋಟೆಲುಗಳು ಸಾಮಾನ್ಯವಾಗಿ ಇಟ್ಟುಕೊಳ್ಳುತ್ತವೆ. ಬಾಗಿಲಿಗೆ ಕೋಡ್ ಒತ್ತಿ ಒಳಹೋಗುವ ಅಪಾರ್ಟ್‌ಮೆಂಟ್‌ಗಳಲ್ಲಿ ಕೇಳಲು ಯಾರೂ ಇರುವುದಿಲ್ಲ. ಬುಕ್ ಮಾಡುವ ಮುಂಚೆ ಎರಡು ಸಾಲಿನ ಮೆಸೇಜ್ ಕಳಿಸಿ: ಚೆಕ್‌ಇನ್‌ಗೆ ಮುಂಚೆ, ಚೆಕ್‌ಔಟ್ ಆದ ಮೇಲೆ ಲಗೇಜ್ ಇಡಬಹುದೇ, ಎಷ್ಟು ಗಂಟೆವರೆಗೆ? ಇಲ್ಲ ಅಂದರೆ ರೈಲು ನಿಲ್ದಾಣದ ಲಾಕರ್ ಎಲ್ಲಿದೆ ಅಂತ ಹುಡುಕಿ, ಮೂರನೇ ದಿನದ ಪಿನ್‌ಗಳನ್ನು ಆ ನಿಲ್ದಾಣದ ಸುತ್ತಮುತ್ತಲೇ ಇರಿಸಿಕೊಳ್ಳಿ.