ಹಸಿರು ಕಂಡ ಕೂಡಲೇ ಒರೆಸಬೇಡಿ

"ಫೋಟೊಗ್ರಾಫರ್ ಕಾಯ್ತಿದ್ದಾರೆ, ಹೊಟ್ಟೆ ಕೆಳಗಿನ ಹಸಿರು ಒರೆಸಿ ಕಳಿಸಿ" ಅಂತ ಮ್ಯೂಸಿಯಂ ಆಫೀಸಿನಿಂದ ಬಂದ ಫೋನು ಇನ್ನೂ ಚುಚ್ಚುತ್ತದೆ. ಮೇಜಿನ ಮೇಲಿದ್ದದ್ದು ಬ್ರಿಟಿಷ್ ಶಿಲ್ಪಿ ಲಿನ್ ಚಾಡ್ವಿಕ್ ಅವರ ಪುಟ್ಟ ಕಂಚಿನ ಪ್ರಾಣಿ, 'ಬೀಸ್ಟ್'. ಪಕ್ಕದ ಟ್ರಾಲಿಯಲ್ಲಿ ಯಾರೋ ಲೋಹ ಉಜ್ಜುವ ಪಾಲಿಶ್ ಬ್ರಾಸೊ ಡಬ್ಬಿ ತಂದಿಟ್ಟಾಗಿತ್ತು.

1956ರ ವೆನಿಸ್ ಬಿಯೆನಾಲೆ ಕಲಾ ಪ್ರದರ್ಶನದಲ್ಲಿ ಶಿಲ್ಪಕ್ಕೆ ಅಂತರರಾಷ್ಟ್ರೀಯ ಬಹುಮಾನ ಗೆದ್ದ ಚಾಡ್ವಿಕ್ ಕಬ್ಬಿಣದ ಸರಳು ವೆಲ್ಡ್ ಮಾಡಿ ಹಂದರ ಕಟ್ಟುತ್ತಿದ್ದರು. ನಡುವಿನ ಜಾಗಕ್ಕೆ ಜಿಪ್ಸಮ್, ಕಬ್ಬಿಣದ ಪುಡಿ ಸೇರಿದ ಸ್ಟೋಲಿಟ್ ಎಂಬ ಗಾರೆ ತುಂಬುತ್ತಿದ್ದರು. ಅದರ ಅಚ್ಚಿನಿಂದ ಎರಕ ಹೊಯ್ದ ಕಂಚಿನಲ್ಲೂ ಸರಳಿನ ಏಣುಗಳು ಹಾಗೇ ಉಳಿಯುತ್ತವೆ. ಕಣ್ಣು, ಮೂಗು ಬಿಡಿಸಿ ತೋರಿಸದೆಯೂ ಅದು ಮೈ ಬಿಗಿಹಿಡಿದು ನಿಂತ ಪ್ರಾಣಿ ಅನ್ನಿಸುವುದು ಈ ಏಣುಗಳಿಂದ, ಸಂದಿಯಲ್ಲಿ ನಿಂತ ಗಾಢ ಪಟಿನಾದಿಂದ, ಅಂದರೆ ಲೋಹದ ಮೇಲಿನ ಬಣ್ಣದ ಪದರದಿಂದ. ಏಣಿನ ತುದಿಯಲ್ಲಿ ಪಟಿನಾ ಬಹಳ ತೆಳು. ಪಾಲಿಶ್ ಹಾಕಿ ಉಜ್ಜಿದರೆ ಅಲ್ಲೇ ಮೊದಲು ಬರಿ ಲೋಹ ಇಣುಕುತ್ತದೆ, ಬಿಳಿ ಪುಡಿ ಸಂದಿಯಲ್ಲಿ ಕೂತು ಗಟ್ಟಿಯಾಗುತ್ತದೆ, ಪಾಲಿಶಿನಲ್ಲಿರುವ ಅಮೋನಿಯಾ ತಾಮ್ರವನ್ನೂ ತಿನ್ನುತ್ತದೆ.

ಹಸಿರಿನಲ್ಲಿ ಎರಡು ಬಗೆ. ಹಳೆಯ ಮೇಣ, ಎಣ್ಣೆಯಲ್ಲಿರುವ ಕೊಬ್ಬಿನಾಮ್ಲ ತಾಮ್ರದ ಜೊತೆ ಸೇರಿ ಆಗುವ ಹಸಿರು ಜಿಡ್ಡು. ವೈಟ್ ಸ್ಪಿರಿಟ್ ತಗುಲಿಸಿದ ಹತ್ತಿ ಕಡ್ಡಿಯನ್ನು ಉರುಳಿಸಿದರೆ ಮೆತ್ತಗಾಗಿ ಬರುತ್ತದೆ. ಇನ್ನೊಂದು ಕ್ಲೋರೈಡ್ ರೋಗ: ತಿಳಿಹಸಿರು, ಒಣ ಪುಡಿ, ಕೆಳಗೆ ಸಣ್ಣ ಗುಳಿ. ಒರೆಸಿದರೆ ಪುಡಿ ಹೋಗುತ್ತದೆ, ಗುಳಿಯೊಳಗಿನ ಕ್ಲೋರೈಡ್ ಉಳಿಯುತ್ತದೆ, ತೇವ ಸಿಕ್ಕಾಗ ಮತ್ತೆ ಕೆಲಸ ಶುರು ಮಾಡುತ್ತದೆ.

ಹೊಟ್ಟೆಯ ಹಸಿರು ಜಿಡ್ಡೇ. ಆದರೆ ಹಿಂಗಾಲಿನ ಬುಡದಲ್ಲಿ ಸಾಸಿವೆ ಕಾಳಿನಷ್ಟು ಜಾಗದಲ್ಲಿ ಪುಡಿ ಹಾಗೇ ನಿಂತಿತ್ತು. ಬಿದಿರು ಕಡ್ಡಿಯಿಂದ ಒಂದು ಕಣ ತೆಗೆದು, ಗಾಜಿನ ಪಟ್ಟಿಯ ಮೇಲೆ ತೆಳು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಒಂದು ಹನಿ ಸಿಲ್ವರ್ ನೈಟ್ರೇಟ್ ಬಿಟ್ಟದ್ದು; ಕ್ಲೋರೈಡ್ ಇದ್ದರೆ ಬಿಳಿಯಾಗುತ್ತದೆ. ಫೋನ್ ಮತ್ತೆ ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಹನಿಯೊಳಗೆ ಹಾಲು ತೊಟ್ಟಿಕ್ಕಿದ ಹಾಗೆ ಬಿಳಿ ಮಸುಕು ಎದ್ದಿತು. ಕ್ಲೋರೈಡ್! ಈ ಪರೀಕ್ಷೆಯಲ್ಲಿ ಆಮ್ಲ ತೆಳು ಮಾಡಲು ನಲ್ಲಿ ನೀರು ಬಳಸಿದರೆ ಅದರೊಳಗಿನ ಕ್ಲೋರೈಡಿಗೇ ಮಸುಕು ಬಂದುಬಿಡುತ್ತದೆ, ಲವಣ ತೆಗೆದ ಡಿಅಯಾನೈಸ್ಡ್ ನೀರೇ ಬೇಕು.

ಅವತ್ತು ಫೋಟೊ ಆಗಲಿಲ್ಲ, ಆಗಬಾರದಿತ್ತು ಕೂಡ. ಭೂತಗನ್ನಡಿ ಇಟ್ಟುಕೊಂಡು ಗುಳಿಯ ಪುಡಿಯನ್ನು ಕೆದರಿ ತೆಗೆದು, ತಾಮ್ರ ಸವೆಯುವುದನ್ನು ತಡೆಯುವ ಬೆಂಜೊಟ್ರೈಅಜೋಲನ್ನು ಎಥೆನಾಲಿನಲ್ಲಿ 3% ಕರಗಿಸಿ ಅಷ್ಟೇ ಜಾಗಕ್ಕೆ ಕೊಡಬೇಕು. ಅದು ವಿಷ, ನೈಟ್ರೈಲ್ ಗ್ಲೌಸ್ ಮತ್ತು ಆವಿ ಹೊರಗೆಳೆಯುವ ಫ್ಯೂಮ್ ಹುಡ್ ಕಡ್ಡಾಯ. ಚೆನ್ನಾಗಿ ಆರಿದ ಮೇಲೆ ಮೈಕ್ರೋಕ್ರಿಸ್ಟಲೈನ್ ಮೇಣ, ಮೃದು ಬ್ರಷ್ಷಿನಲ್ಲಿ ತೆಳ್ಳಗೆ. ದಪ್ಪ ಬಳಿದರೆ ಏಣುಗಳ ನಡುವೆ ಧೂಳು ಕಚ್ಚಿಕೊಳ್ಳುತ್ತದೆ. ಷೋಕೇಸಿನ ಆರ್ದ್ರತೆ 40% ದಾಟದಂತೆ ಸಿಲಿಕಾ ಜೆಲ್ ಇಡಬೇಕು.

ಎತ್ತುವಾಗ ಎರಡೂ ಕೈ ಹೊಟ್ಟೆಯ ಕೆಳಗಿರಲಿ. ಹೊರೆಯೆಲ್ಲ ಮೊನಚು ಕಾಲುಗಳ ತುದಿಯಲ್ಲಿ, ಕಾಲು ಹಿಡಿದು ಎತ್ತಿದರೆ ಬಾಗಬಹುದು, ಮುರಿಯಬಹುದು. ಬೇರೆಡೆ ಪ್ರದರ್ಶನಕ್ಕೆ ಸಾಲವಾಗಿ ಕೊಡುವ ಕೃತಿಗಳ ಫಾರ್ಮಿನಲ್ಲಿ ಪ್ಯಾಕಿಂಗ್‌ಗೆ, ಫೋಟೊಗೆ, ಸಾಗಣೆಗೆ ಸಮಯದ ಕಾಲಂ ಇದೆ. ಪರೀಕ್ಷೆಗೂ ಒಂದು ಕಾಲಂ ಹಾಕಿ ಎಂದು ಎಷ್ಟು ಸಲ ಕೇಳಿದರೂ ಮೇಲಿನವರು ಹಾಕಿಲ್ಲ.